ಬೋರಲು ಮಲಗುತ್ತಿದ್ದ ಪೈಲ್ವಾನ

ನಮ್ಮಣ್ಣ ಕಲ್ಲಪ್ಪ ಪೈಲ್ವಾನನ ಬೆನ್ನನ್ನು ಮಣ್ಣಿಗೆ ಹಚ್ಚುವ ಗಂಡಸು ಇಡೀ ಹೈದರಾಬಾದ್ ಸಂಸ್ಥಾನದಲ್ಲೇ ಹುಟ್ಟಿರಲಿಲ್ಲ. ಹಾಗಂತ ಹೇಳಿದವರು ಯಾರು ಅಂದರೆ ಕಲ್ಲಪ್ಪ ಪೈಲ್ವಾನನೇ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೋ, ಚಿತ್ ಆದಂತೆ, ಸೋತಂತೆ. ಈ ಕಾಯಿದೆಯನ್ನು ಅವನು ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲೇ ಬಿಟ್ಟು ಬರದೆ ಮನೆತನಕ ಹೊತ್ತು ತಂದಿದ್ದ. ಮಲಗುವುದು ಬೋರಲು. ಜ್ವರ ಬಂದರೂ ಬೋರಲು. ವೈದ್ಯರು ಹೊಟ್ಟೆ ಮುಟ್ಟಿ ನೋಡಬೇಕು ಅಂದರೆ ಎದ್ದು ನಿಂತು ತೋರಿಸುತ್ತಿದ್ದ. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವಾಗಲೂ ಸೀಟಿಗೆ ಬೆನ್ನು ಆನಿಸದೆ ದಾರಿಯುದ್ದಕ್ಕೂ ನೆಟ್ಟಗೆ ಕೂತಿರುತ್ತಿದ್ದ. "ಸೀಟು ಏನು ಮಣ್ಣೇನು, ಅಣ್ಣಾ?" ಅಂತ ನಾನು ಚುಡಾಯಿಸಿದರೆ, "ರೂಢಿ ಕೆಡಬಾರದು, ತಂಗಿ" ಅನ್ನುತ್ತಿದ್ದ.

ಆಳು ನೋಡಿದರೆ ಬಾಗಿಲು ತುಂಬುತ್ತಿದ್ದ. ಕುತ್ತಿಗೆ ಅನ್ನುವುದನ್ನು ದೇವರು ಕೊಟ್ಟಿರಲಿಲ್ಲ, ತಲೆ ನೇರ ಹೆಗಲಿಗೇ ಕೂತಿತ್ತು. ಕಿವಿ ಎರಡೂ ತಿಕ್ಕಾಡಿ ತಿಕ್ಕಾಡಿ ಹಿಂಡಿ ಒಗೆದ ನಿಂಬೆಹೋಳಿನ ಹಾಗೆ ಮುರುಟಿದ್ದವು. ಆದರೆ ದನಿ ಮಾತ್ರ ಸಣ್ಣದು, ಹೆಣ್ಣುಮಕ್ಕಳು ಗುಟ್ಟು ಹೇಳುವಷ್ಟು ಸಣ್ಣದು. ಮೊದಲ ಸಲ ಕೇಳಿದವರು ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಅಂತ ಇಣುಕಿ ನೋಡುತ್ತಿದ್ದರು. ಹನುಮಪ್ಪನಿಗೆ ಹರಕೆ ಹೊತ್ತಂತೆ ಮದುವೆ ಮಾಡಿಕೊಳ್ಳದೆ ಉಳಿದ. ಹಾಗಿದ್ದೂ ನನ್ನ ಮಗನ ಕುಂಡಿಯನ್ನು ನನಗಿಂತ ಹೆಚ್ಚು ನೋಡಿದ ಮನುಷ್ಯ ಈ ಲೋಕದಲ್ಲಿ ಯಾರಾದರೂ ಇದ್ದರೆ ಅವನೊಬ್ಬನೇ.

ಈ ಮಾತು ಓದಿ ಮೂಗು ಮುರಿಯುವವರು ಮುರಿಯಲಿ. ಕೂಸಿನ ತಾಯಿಗೆ ಅದರಷ್ಟು ದೊಡ್ಡ ವಿಷಯ ಬೇರೆ ಇರುವುದಿಲ್ಲ.

ಅದು ಪೊಲೀಸ್ ಆ್ಯಕ್ಷನ್ ಆದ ವರ್ಷ. ನನ್ನ ಯಜಮಾನರು ಕಲಬುರಗಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಊರಲ್ಲಿ ಇವತ್ತು ಅಲ್ಲಿ ಸುಟ್ಟರು, ನಾಳೆ ಇಲ್ಲಿ ಬರುತ್ತಾರೆ ಅಂತ ಗದ್ದಲ ಜಾಸ್ತಿಯಾದಾಗ ನನ್ನನ್ನೂ ಕೂಸನ್ನೂ ಕಮಲಾಪುರಕ್ಕೆ ತವರಿಗೆ ಕಳಿಸಿದರು. ಕೂಸಿಗೆ ಶರಣಬಸಪ್ಪ ಅಂತ ಹೆಸರಿಟ್ಟಿದ್ದೆವು, ಬಾಯಲ್ಲಿ ಶರಣು. ಅದಕ್ಕಿಂತ ಮೊದಲಿನದು ತೊಟ್ಟಿಲಲ್ಲೇ ಕೈಬಿಟ್ಟು ಹೋಗಿತ್ತು. ಹಾಗಾಗಿ ಕಲಬುರಗಿ ಬಿಡುವ ಮೊದಲೇ ಈ ಶರಣುವಿಗೆ ಜುಲಾಬು, ನೀರು ಭೇದಿ, ಶುರುವಾದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಕರುಳೇ ನಾಜೂಕು, ಕುಡಿದದ್ದು ನಿಲ್ಲುವುದಿಲ್ಲ ಅಂದರು ಕಲಬುರಗಿಯ ಡಾಕ್ಟರು. ಹೊಟ್ಟೆಗೆ ಪುಡಿ ಕೊಟ್ಟರು, ಎದೆಹಾಲು ಬಿಡಿಸಬೇಡ, ಗಂಜಿ ಕುಡಿಸು, ಕುಂಡಿ ಒಣಗಿಸಿ ಇಡು ಅಂದರು. ಆ ಕೊನೆಯ ಮಾತನ್ನು ಗಾಬರಿಯಲ್ಲಿ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕಮಲಾಪುರಕ್ಕೆ ಬರುವಷ್ಟರಲ್ಲಿ ಕೂಸಿನ ಕುಂಡಿ ಬೆಂದ ಹಾಗಾಗಿತ್ತು. ಕೆಂಪಗೆ ಶುರುವಾದದ್ದು ಸುಲಿದು, ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು. ಮತ್ತೆ ಜುಲಾಬು, ಮತ್ತೆ ಅದೇ ಹುಳಿ ನೀರು ಆ ಗಾಯದ ಮೇಲೆ. ಕೂಸು ಅತ್ತು ಅತ್ತು ದನಿ ಬಿದ್ದು, ಹಾಲು ಕುಡಿಯಲೂ ಬಾಯಿ ತೆರೆಯುತ್ತಿರಲಿಲ್ಲ. ಇದೂ ಹೋಗುತ್ತದೆ ಅಂತಲೇ ನಾನು ಅಂದುಕೊಂಡುಬಿಟ್ಟಿದ್ದೆ. ಓಣಿಯ ಹೆಂಗಸರು ಬಂದರು. ಒಬ್ಬಳು ಬೂದಿ ಉದುರಿಸು ಅಂದಳು, ಒಬ್ಬಳು ಅರಿಶಿಣ, ಇನ್ನೊಬ್ಬಳು ಸಬಕಾರ ಹಚ್ಚಿ ಗಸಗಸ ತಿಕ್ಕು ಅಂದಳು. ನಾನು ಎಲ್ಲರ ಮಾತೂ ಕೇಳಿದೆ. ಮೇಲೆ ಹಾಸಿಗೆ ಹಾಳಾಗದಿರಲಿ ಅಂತ ಹೊಸ ದಪ್ಪ ಬಟ್ಟೆಯ ಲಂಗೋಟಿ ಬಿಗಿದು ಕಟ್ಟಿದೆ. ಕೂಸು ಚೀರಿದ್ದು ಹೊರಗಿನ ಬಾವಿತನಕ ಕೇಳಿತು.

ತಾಲೀಮಿನಿಂದ ಬಂದ ಅಣ್ಣ ಮೈಮೇಲಿನ ಮಣ್ಣೂ ತೊಳೆಯದೆ ಒಳಗೆ ಬಂದ.

"ಬಿಚ್ಚು" ಅಂದ ತನ್ನ ಸಣ್ಣ ದನಿಯಲ್ಲಿ.

"ಏನ ಬಿಚ್ಚೂದು?"

"ಲಂಗೋಟಿ ಬಿಚ್ಚು ಅಂದ್ನಿ. ಲಂಗೋಟಿ ಬೇನಿ ನಿನಗೇನ ಗೊತ್ತು? ಹುಟ್ಟಿದಾಗಿಂದ ಕಟ್ಟೀನಿ ನಾ. ಹಸಿ ಲಂಗೋಟಿ ಕಟಗೊಂಡು ಒಂದ ದಿನ ಕುಸ್ತಿ ಆಡಿ ನೋಡು, ಆಮ್ಯಾಲ ಕೂಸಿಗಿ ಕಟ್ಟು."

ಬಿಚ್ಚಿದೆ. ಅಣ್ಣ ಬಾಗಿ ನೋಡಿದ. ಆಮೇಲೆ ಎದುರಾಳಿಯನ್ನು ಅಳೆದು ನೋಡುವವನ ಹಾಗೆ ತೊಡೆ ತಟ್ಟಿಕೊಂಡು, "ಈ ಕೆಂಪು ಪೈಲ್ವಾನನ್ನ ನಾ ಕೆಡವತೀನಿ" ಅಂದ.

ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ತಾಲೀಮಿಗೆ ಓಡಿಹೋಗಿ ಒಂದು ಬುಟ್ಟಿ ಕೆಂಪು ಮಣ್ಣು ತಂದ. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು, ಅದು ಹಚ್ಚಿದರೆ ಉಳುಕು, ಕಜ್ಜಿ, ಕೆಮ್ಮು, ಗಂಡ ಹೆಂಡಿರ ಜಗಳ ಎಲ್ಲ ವಾಸಿ ಅಂತ ಅವನ ನಂಬಿಕೆ. ಕೂಸಿಗೆ ಮೆತ್ತಲು ಕೈ ಹಾಕಿದ. ನಾನು ಒರಳಿನ ಪಕ್ಕದಲ್ಲಿದ್ದ ಒನಕೆ ಎತ್ತಿಕೊಂಡು ಕೂಸಿಗೆ ಅಡ್ಡ ನಿಂತೆ.

"ಹಸಿ ಗಾಯಕ್ಕ ಮಣ್ಣು ಹಚ್ಚತೀ? ನಿನ್ನ ತಲಿಯಾಗ ಅದ ಮಣ್ಣು, ಅದನ್ನ ಮೊದಲ ತೆಗಿ!"

"ಪವಿತ್ರ ಮಣ್ಣು ಅದು!"

"ಆಗಲಿ. ನೀ ಹಚ್ಚಿಕೋ."

ಪೈಲ್ವಾನರನ್ನೆಲ್ಲ ಎತ್ತಿ ಒಗೆದ ಮನುಷ್ಯ ನನ್ನ ಒನಕೆ ನೋಡಿ ಹಿಂದೆ ಸರಿದ. ಹೋಗಿ ತನ್ನ ಮಂಡಿಯ ಹಸಿ ತರಚುಗಾಯಕ್ಕೆ ಮಣ್ಣು ಹಚ್ಚಿಕೊಂಡು ಕೂತ. ಮರುದಿನ ಮಂಡಿ ಊದಿ ಕುಂಟುತ್ತ ಬಂದು, "ಕೂಸಿಗಿ ಬ್ಯಾಡ ಬಿಡು, ಅದಕ್ಕ ಇನ್ನೂ ತಾಕತ್ತಿಲ್ಲ" ಅಂದ. ಸೋತೆ ಅಂತ ಒಪ್ಪಿಕೊಂಡವನಲ್ಲ ಅವನು.

ಆಗ ನನಗೆ ಡಾಕ್ಟರ ಮಾತು ನೆನಪಾಯಿತು. ಒಣಗಿಸಿ ಇಡು ಅಂದಿದ್ದರು ಅಂದೆ. ಅಣ್ಣನ ಮುಖ ಅರಳಿತು. "ಮತ್ತ! ಡಾಕ್ಟರ ನನ್ನ ಮಾತೇ ಹೇಳ್ಯಾನ. ಶಾಣ್ಯಾ ಇದ್ದಾನ" ಅಂದ. ಅವತ್ತಿನಿಂದ ಹೊಟ್ಟೆ ಡಾಕ್ಟರ ಪುಡಿಗೆ, ಕುಂಡಿ ಅಣ್ಣನಿಗೆ ಅಂತ ಪಾಲಾಯಿತು.

ಅವನ ಕೈಗಳನ್ನು ನೀವು ನೋಡಬೇಕಿತ್ತು. ಒಂದೊಂದು ಬೆರಳು ನನ್ನ ಮಣಿಕಟ್ಟಿನಷ್ಟು. ಆ ಕೈಯಿಂದ ತಂಬಿಗೆಯ ಬೆಚ್ಚನೆ ನೀರನ್ನು ಸಣ್ಣಗೆ ಧಾರೆ ಬಿಡುತ್ತಿದ್ದ, ತಿಕ್ಕುತ್ತಿರಲಿಲ್ಲ. ಸಬಕಾರ ಕಿಟಕಿಯಾಚೆ ಹೋಯಿತು. ಹಳೆ ಧೋತರದ ತುಂಡನ್ನು ಮೆಲ್ಲಗೆ ಒತ್ತಿ ಒತ್ತಿ ಎತ್ತುತ್ತಿದ್ದ. "ಒರಸಬ್ಯಾಡ, ಒತ್ತು. ಒರಸಿದರ ತೊಗಲು ಅರಿವಿ ಜೋಡಿ ಹೋಗ್ತದ" ಅಂತ ನನಗೆ ಗದರುತ್ತಿದ್ದ. ಆಮೇಲೆ ಗಾಳಿಗೆ ಬಿಟ್ಟು, ಪೂರಾ ಆರಿದ ಮೇಲೆ ತುಪ್ಪವನ್ನು ಗೋಡೆಗೆ ಸುಣ್ಣ ಬಳಿದಂತೆ ದಪ್ಪಗೆ ಬಳಿಯುತ್ತಿದ್ದ. ಮತ್ತೆ ಜುಲಾಬು ಆದರೆ ನಾನು ತುಪ್ಪವನ್ನೆಲ್ಲ ತೊಳೆದು ಹಾಕಲು ಹೋಗುತ್ತಿದ್ದೆ. "ಮ್ಯಾಲಿಂದು ಅಷ್ಟೇ ತೆಗಿ. ಒಳಗಿನ ತುಪ್ಪ ಪಹರೆ ಅದ, ಪಹರೆ ತೆಗೀತಾರೇನು?" ಅನ್ನುತ್ತಿದ್ದ.

ಮಲಗಿಸುವುದಕ್ಕೆ ಬಟ್ಟೆ ಹಾಸಿದರೆ ಅಂಟುತ್ತಿತ್ತು. ಅದಕ್ಕೆ ಮಹಬೂಬಸಾಬನ ಬಾಳೆ ತೋಟದಿಂದ ಎಳೆ ಎಲೆ ಬಂತು. ಮಹಬೂಬಸಾಬ ಅಣ್ಣನ ತಾಲೀಮಿನ ಜೋಡಿ, ಅವನ ತೋಟದ ಕೆಂಪು ಬಾಳೆಗೆ ಊರೆಲ್ಲ ಹೆಸರು. ದಿನಾ ಬೆಳಿಗ್ಗೆ ಹೊಸ ಸುಳಿ ಎಲೆ ಕೊಯ್ದು ತಂದು, ಬಾಗಿಲಲ್ಲಿ ನಿಂತು, "ಭಾಂಜಾ ಕೈಸಾ ಹೈ?" ಅಂತ ಸ್ವಂತ ತಂಗಿಯ ಮಗನ ಹಾಗೆ ವಿಚಾರಿಸಿಯೇ ಹೋಗುತ್ತಿದ್ದ. ತಣ್ಣಗಿನ ಎಲೆಗೆ ತುಪ್ಪ ಸವರಿ ಕೂಸನ್ನು ಅದರ ಮೇಲೆ ಮಲಗಿಸುತ್ತಿದ್ದೆವು. ಬೋರಲು ಹಾಕುವುದಾದರೆ ಅಣ್ಣನೇ ಪಕ್ಕದಲ್ಲಿ ಕೂತು, ಮೂಗಿಗೆ ಗಾಳಿ ಆಡುತ್ತದೋ ಇಲ್ಲವೋ ಅಂತ ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದ.

ಮಳೆ ನಿಂತಾಗಲೆಲ್ಲ ಕೂಸನ್ನು ಬೋರಲಾಗಿ ಮುಂಗೈ ಮೇಲೆ ಹಾಕಿಕೊಂಡು ಓಣಿ ತಿರುಗಲು ಹೊರಡುತ್ತಿದ್ದ. ಕೂಸಿನ ಗದ್ದ ಅವನ ಮೊಣಕೈಯ ಹಳ್ಳದಲ್ಲಿ, ಕೈಕಾಲು ಆಚೀಚೆ ಜೋಲು, ತುಪ್ಪ ಬಳಿದ ಕುಂಡಿ ಆಕಾಶಕ್ಕೆ. ಎದುರಿಗೆ ಬಂದವರೆಲ್ಲ ಬಾಗಿ ನೋಡಿ ವರದಿ ಕೊಡಬೇಕು. "ನಿನ್ನಿಗಿಂತ ಅಡ್ಡಿಯಿಲ್ಲರೀ ಪೈಲ್ವಾನ್ರ" ಅಂದವರು ಒಳ್ಳೆಯವರು. "ಹಂಗೇ ಅದ" ಅಂದವರ ಜೊತೆ ಮಾತು ಬಿಟ್ಟ.

ಭಾದ್ರಪದದ ಮಳೆ. ಒಗೆದ ತುಂಡು ಒಣಗದು, ಒಣಗಿದ್ದು ಸಾಲದು. ಅಣ್ಣ ಮನೆಮನೆಗೆ ಹೋಗಿ ಹಳೆ ಧೋತರ ಕೇಳಿದ. ಅವನು ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಅನ್ನಲು ಬಾಗಿಲಾದರೂ ಕಾಣಬೇಕಲ್ಲ! ಓಣಿಯ ಮೆತ್ತನೆಯ ಬಿಳಿ ಬಟ್ಟೆಯೆಲ್ಲ ನಮ್ಮ ಮನೆ ಸೇರಿ, ಹರಿದು ಶರಣುವಿನ ತುಂಡುಗಳಾದವು. ಇದರಿಂದ ಏನಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ.

ಆಗ ಸುದ್ದಿ ಬಂತು. ಭಾರತ ಸರ್ಕಾರದ ಯೂನಿಯನ್ ಪಲ್ಟನ್ ಸೊಲ್ಲಾಪುರದ ಕಡೆಯಿಂದ ಬರುತ್ತಿದೆ, ನಿಜಾಮರ ಆಟ ಮುಗಿಯಿತು, ಮನೆ ಮನೆಗೂ ಬಿಳಿ ಬಾವುಟ ಕಟ್ಟಿರಿ, ಕಟ್ಟದವರ ಮೇಲೆ ಅನುಮಾನ ಬರುತ್ತದೆ ಅಂತ ತಳವಾರ ಡಂಗುರ ಸಾರಿದ. ಜನ ಪೆಟ್ಟಿಗೆ ತೆಗೆದು ನೋಡುತ್ತಾರೆ, ಬಿಳಿ ಅನ್ನುವುದು ಒಂದು ಚೂರೂ ಇಲ್ಲ. ಓಣಿಯೆಲ್ಲ ನಮ್ಮ ಮನೆ ಮುಂದೆ ಬಂದು ನಿಂತಿತು.

"ಪೈಲ್ವಾನ್ರ, ನಮ್ಮ ಧೋತರದ್ದ ಒಂದ ತುಂಡರ ಹೊಳ್ಳಿ ಕೊಡ್ರಿ, ಜೀವದ ಪ್ರಶ್ನೆ ಅದ."

"ಇದೂ ಜೀವದ್ದೇ" ಅಂದ ಅಣ್ಣ. "ಕೊಡೂದಿಲ್ಲ. ನಿಮ್ಮ ಬಾವುಟ ಮಳಿಯಾಗ ತೊಯ್ದರ ನಡೀತದ, ನಮ್ಮ ಕೂಸು ತೊಯ್ದರ ನಡಿಯಂಗಿಲ್ಲ."

ಬೈದುಕೊಂಡು ಹೋದರು. ಮರುದಿನ ದೇವರು ದೊಡ್ಡವನು, ಚಟಚಟ ಬಿಸಿಲು ಬಿತ್ತು. ನಾನು ಅಷ್ಟೂ ತುಂಡುಗಳನ್ನು ಮಾಳಿಗೆಯ ಮೇಲಿಂದ ಮುಂಬಾಗಿಲತನಕ ಹಗ್ಗ ಕಟ್ಟಿ ಹರವಿದೆ. ಇಡೀ ಓಣಿಯಲ್ಲಿ ಒಂದೂ ಬಾವುಟವಿಲ್ಲ, ನಮ್ಮ ಮನೆ ಮೇಲೆ ಮಾತ್ರ ಸಾಲು ಸಾಲು.

ಅವತ್ತು ಮಧ್ಯಾಹ್ನ ಕೂಸಿಗೆ ನಿದ್ದೆ ಬೇಕಾಗಿತ್ತು. ದಿನಗಟ್ಟಲೆ ಕಣ್ಣು ಕೂಡಿಸಿರಲಿಲ್ಲ. ಎಲೆ ಮೇಲೆ ಹಾಕಿದರೆ ಅಳುತ್ತದೆ, ತೊಡೆ ಮೇಲೆ ಹಾಕಿದರೆ ಅಳುತ್ತದೆ. ಬೆಚ್ಚಗಿನ ಎದೆ ಬೇಕು, ಕುಂಡಿಗೆ ಏನೂ ತಾಗಬಾರದು. ನಾನು ರಾತ್ರಿಯಿಡೀ ಎತ್ತಿಕೊಂಡು ನಿಂತು ತಲೆ ತಿರುಗಿ ಗೋಡೆ ಹಿಡಿದೆ. ಅಣ್ಣ ಕೂಸನ್ನು ಇಸಕೊಂಡ. ಹೊರಸಿನ ಮೇಲೆ ಮಲಗೋಣ ಅಂದರೆ ಅದರ ಹಗ್ಗ ಜೋತು ಕೂಸು ಉರುಳುತ್ತದೆ. ಅವನು ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ, ಸೂರಿನ ಕಡೆ ನೋಡಿದ. ಆಮೇಲೆ ಪಡಸಾಲೆಯ ಸಾರಿಸಿದ ನೆಲದ ಮೇಲೆ ನಿಧಾನಕ್ಕೆ ಕೂತು, ಇನ್ನೂ ನಿಧಾನಕ್ಕೆ ಹಿಂದಕ್ಕೆ ಬಾಗಿ, ಅಂಗಾತ ಮಲಗಿದ.

ಹುಟ್ಟಿದಾಗಿನಿಂದ ನಾನು ಅವನ ಹೊಟ್ಟೆ ಆಕಾಶ ನೋಡಿದ್ದು ಕಂಡಿರಲಿಲ್ಲ. ಕೂಸು ಅವನ ಎದೆ ಮೇಲೆ ಬೋರಲಾಗಿ, ಬಾಯಿ ಕಳೆದು, ಗೊರಕೆ ಹೊಡೆಯಿತು.

ಅಷ್ಟರಲ್ಲಿ ಮಹಬೂಬಸಾಬ ಎಲೆ ಹಿಡಿದು ಬಾಗಿಲಿಗೆ ಬಂದ. ಪಲ್ಟನ್ ಬಂತು ಅಂತ ಆ ದಿನ ಹೆದರಿಕೆ ಅವನ ಮುಸಲ್ಮಾನರ ಓಣಿಯದು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ, ನಿಜಾಮರ ಕಡೆಯವರು ಸುಡುತ್ತ ತಿರುಗುವಾಗ, ಹೆದರಿಕೆ ನಮ್ಮದಿತ್ತು. ಹೊರಗೆ ಬರಬೇಡ ಅಂತ ಹೆಂಡತಿ ಅಡ್ಡ ನಿಂತರೂ ಕೂಸಿಗೆ ಎಲೆ ಬೇಕಲ್ಲ ಅಂತ ಬಂದಿದ್ದ. ಒಳಗೆ ನೋಡಿದವನೇ ಹೆದರಿಕೆಯೆಲ್ಲ ಮರೆತು, "ಅರೇ! ಕಲ್ಲಪ್ಪಾ! ಚಿತ್!" ಅಂತ ಕೂಗಿದ.

"ಶ್!" ಅಂದ ಅಣ್ಣ. "ಕೂಸು ಮಲಗ್ಯಾದ."

ಮಹಬೂಬಸಾಬ ನಗು ತಡೆಯಲಾರದೆ ಎಲೆಯಿಂದಲೇ ಬಾಯಿ ಮುಚ್ಚಿಕೊಂಡ. ಆಗಲೇ ಓಣಿಯಲ್ಲಿ ಬೂಟಿನ ಸದ್ದು. ಸಿಪಾಯಿಗಳು ಬಂದೂಕು ಹಿಡಿದು ನೇರ ನಮ್ಮ ಮನೆಗೇ ಬಂದರು. ಬೇರೆ ಮನೆಗಳವರು ಒಂದೂ ಬಾವುಟ ಹಚ್ಚಿಲ್ಲ, ಇವನೊಬ್ಬ ಇಷ್ಟು ಹಚ್ಚಿದ್ದಾನೆ ಅಂದರೆ ಎಂಥಾ ದೊಡ್ಡ ಗುನ್ಹೆ ಮಾಡಿರಬೇಕು! ಹವಾಲ್ದಾರ ಕಾಲು ಅಗಲಿಸಿ ಅಗಲಿಸಿ ನಡೆಯುತ್ತ ಒಳಗೆ ಬಂದು, ನೆಲದ ಮೇಲೆ ಬಿದ್ದ ಆ ದೇಹ ನೋಡಿ, "ಉಠೋ! ಹಾಥ್ ಊಪರ್!" ಅಂತ ಅಬ್ಬರಿಸಿದ.

ಅಣ್ಣ ಮಲಗಿದಲ್ಲೇ ಒಂದು ಕೈ ಎತ್ತಿದ. ಇನ್ನೊಂದು ಕೂಸಿನ ಬೆನ್ನ ಮೇಲಿತ್ತು.

"ದೂಸರಾ ಹಾಥ್!"

"ಅದು ಡ್ಯೂಟಿ ಮ್ಯಾಲ ಅದ ಸಾಹೇಬ್ರ" ಅಂದ ಅಣ್ಣ ಪಿಸುಮಾತಿನಲ್ಲಿ. "ಬಚ್ಚಾ ಅಭೀ ಸೋಯಾ. ಬೇಕಾದರ ಗುಂಡು ಹೊಡೀರಿ, ಸಪ್ಪಳ ಮಾಡಬ್ಯಾಡ್ರಿ."

ಹವಾಲ್ದಾರ ಬಾವುಟಗಳ ಕಡೆ ಕೈ ತೋರಿಸಿದ. "ಝಂಡಾ ಅಲ್ಲರೀ, ಕೂಸಿನ ಲಂಗೋಟಿ" ಅಂದ ಅಣ್ಣ. ಆಮೇಲೆ ಬಂದೂಕಿನ ತುದಿ ಮಹಬೂಬಸಾಬನ ಕಡೆ ತಿರುಗಿತು. ಇವನ್ಯಾರು? ಮಹಬೂಬಸಾಬ ಎಲೆಯನ್ನು ಎದೆಗೆ ಅವಚಿಕೊಂಡ. ಅಣ್ಣನ ದನಿ ಆಗ ಮೊದಲ ಸಲ ಸ್ವಲ್ಪ ಗಟ್ಟಿಯಾಯಿತು. "ನನ್ನ ತಮ್ಮ. ಇವನ್ನ ಒಯ್ದರ ನಾಳಿಗಿ ಕೂಸಿಗಿ ಎಲಿ ನೀವು ತರತೀರೇನು?"

ಆ ದನಿಗೆ ಕೂಸು ಎಚ್ಚರಾಯಿತು. ಮುಖ ಕೆಂಪಗೆ ಮಾಡಿ, ಮುಕ್ಕಿರಿದು, ಅಣ್ಣನ ಎದೆ ಮೇಲೆಯೇ ಮಾಡಿತು. ನಾನು ಬಂದೂಕು ಗಿಂದೂಕು ನೋಡದೆ ತುಂಡು ಹಿಡಿದು ಓಡಿದೆ. ನೋಡಿದರೆ ನೀರಲ್ಲ. ಹಳದಿ, ಮೆತ್ತಗೆ, ಆದರೆ ಗಟ್ಟಿ.

"ಅಣ್ಣಾ! ಗಟ್ಟಿ ಅದ!" ಅಂತ ಚೀರಿದೆ. "ಯವ್ವಾ ಶಿವನೇ, ಗಟ್ಟಿ ಅದ! ಮಹಬೂಬಣ್ಣಾ, ನೋಡ ಬಾ, ಗಟ್ಟಿ ಅದ!" ಅಳು ನಗು ಎರಡೂ ಒಟ್ಟಿಗೇ ಬಂದು, ಹವಾಲ್ದಾರನ ತೋಳು ಹಿಡಿದು ಎಳೆದು, "ನೀನೂ ನೋಡಪಾ" ಅಂದೆ. ಅವನು ಪಾಪ ಬಾಗಿ ನೋಡಿದ. ಬಂದೂಕು ಇಳಿಸಿ, ಮರಾಠಿಯಲ್ಲಿ, ತನ್ನ ಮನೆಯಲ್ಲೂ ಇಷ್ಟೇ ಒಂದು ಇದೆ ಅಂದ. ಹಿಂದಿದ್ದ ಸಿಪಾಯಿಗಳು ನಗಲು ಶುರುಮಾಡಿದರು.

ಅಣ್ಣ ಎದ್ದು ಎದೆ ತೊಳೆದುಕೊಂಡು ಬಂದು ಹವಾಲ್ದಾರನ ಕಾಲು ನೋಡಿದ. "ಹಸಿ ಚಡ್ಡಿಯಾಗ ನಡದೀರಿ. ತೊಡಿ ಒರಸ್ಯಾವ, ಹೌದಿಲ್ಲ?" ಅಂದ. ಹವಾಲ್ದಾರ ತುಟಿ ಬಿಗಿಹಿಡಿದು ತಲೆಯಾಡಿಸಿದ. ಅಣ್ಣ ಅವನಿಗೊಂದು ಎಲೆ ದೊನ್ನೆ ತುಪ್ಪ, ಕೂಸಿನ ಒಂದು ಒಣ ತುಂಡು ಕೊಟ್ಟು, "ಒತ್ತಬೇಕು, ಒರಸಬಾರದು" ಅಂತ ಪಾಠ ಹೇಳಿ ಕಳಿಸಿದ. ಓಣಿಗೆ ಒಂದು ತುಂಡೂ ಕೊಡದವನು ಪಲ್ಟನ್ನಿಗೆ ಕೊಟ್ಟ ಅಂತ ಪಕ್ಕದ ಮನೆಯಾಕೆ ಸಾಯುವತನಕ ಆಡಿಕೊಂಡಳು.

ಅವರು ಹೋದ ಮೇಲೆ ಅಣ್ಣನ ಮುಖ ಇಳಿಯಿತು. "ಮಹಬೂಬಾ, ನೀ ಏನೂ ನೋಡಿಲ್ಲ" ಅಂದ.

"ಕಣ್ಣಾರೆ ನೋಡೀನೋ. ಬೆನ್ನು ನೆಲಕ್ಕ ಹತ್ತಿತ್ತು."

ಅಣ್ಣ ನೆಲ ನೋಡಿದ. ಬೆರಳಿಂದ ಕೆರೆದು ನೋಡಿದ. "ಇದು ಮಣ್ಣಲ್ಲ" ಅಂದ. "ತಂಗಿ ನಸುಕಿನ್ಯಾಗ ಸಾರಿಸ್ಯಾಳ. ಬೆನ್ನಿಗೂ ಮಣ್ಣಿಗೂ ನಡುವ ಸೆಗಣಿ ಇತ್ತು."

ಮಹಬೂಬಸಾಬ ನಕ್ಕು ನಕ್ಕು ಕೆಮ್ಮಿ, ಆಮೇಲೆ ಎದೆ ಮುಟ್ಟಿಕೊಂಡು, "ಕಸಮ್. ನಡುವ ಸೆಗಣಿ ಇತ್ತು" ಅಂದ. ಅಣ್ಣ ನನ್ನಿಂದಲೂ ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿಸಿಕೊಂಡ. ಹೇಳಿದರೆ ತವರಿನ ಬಾಗಿಲು ಬಂದ್ ಅಂದ.

ಕೂಸು ಉಳಿಯಿತು. ನವರಾತ್ರಿ ಬರುವಷ್ಟರಲ್ಲಿ ಹೊಸ ತೊಗಲು ಬಂದು, ಕೆಂಪು ಬಾಳೆಹಣ್ಣು ಕಿವುಚಿ ತಿನ್ನಿಸಿದರೆ ಇನ್ನೂ ಬೇಕು ಅಂತ ಅತ್ತಿತು. ಮುಂದೆ ಶರಣಬಸಪ್ಪ ಬೆಳೆದು ಕಲಬುರಗಿಯಲ್ಲಿ ಗಣಿತದ ಮಾಸ್ತರನಾದ, ಮೀಸೆ ಬಿಟ್ಟ, ಮಕ್ಕಳು ಅವನ ನೆರಳಿಗೂ ಹೆದರುತ್ತಿದ್ದರು. ಅಂಥವನನ್ನು ನಮ್ಮಣ್ಣ ಶರಣಬಸವೇಶ್ವರ ಗುಡಿಯ ಮುಂದೆ, ಶಿಷ್ಯರ ಎದುರಿಗೇ, "ಏನೋ ಶರಣ್ಯಾ, ಕುಂಡಿ ಆರಾಮ ಅದ?" ಅಂತ ಕೇಳುತ್ತಿದ್ದ. ಹೆಣ್ಣು ನೋಡಲು ಹೋದಾಗ ಬೀಗರು ಹುಡುಗನ ಬಗ್ಗೆ ಏನಾದರೂ ಹೇಳಿ ಅಂದರು. "ಮುಖಕ್ಕಿಂತ ಹೆಚ್ಚು ನಾ ಅವನ ಕುಂಡಿ ನೋಡೀನ್ರಿ. ಐಬಿಲ್ಲ" ಅಂದ. ಹುಡುಗಿ ಒಳಗಿನಿಂದ ಪಕ್ಕನೆ ನಕ್ಕಳು. ಇವಳೇ ನನ್ನ ಸೊಸೆ ಅಂತ ನಾನು ಅಲ್ಲೇ ತೀರ್ಮಾನ ಮಾಡಿದೆ. ಶರಣು ಮಾತ್ರ ಮಾಮಾನ ಜೊತೆ ಬಹಳ ದಿನ ಮಾತಾಡಲಿಲ್ಲ.

ಮುಪ್ಪಿನಲ್ಲಿ ಅಣ್ಣನಿಗೆ ಲಕ್ವಾ ಹೊಡೆಯಿತು. ಕಲಬುರಗಿಯ ನಮ್ಮ ಮನೆಗೇ ತಂದೆವು. ಆ ದೇಹ ಅಂಗಾತ ಬಿದ್ದದ್ದು ಅಂಗಾತವೇ. ತಿರುಗಿಸಲು ಅವನಿಗೂ ಆಗದು, ನನಗೂ ಆಗದು. ನಾನು ಕಣ್ಣು ನೋಡಿಯೇ ಅವನ ಸಂಕಟ ತಿಳಿದು, "ಹಾಸಿಗಿ ಮಣ್ಣಲ್ಲ ಅಣ್ಣಾ" ಅಂದೆ. ಬೆನ್ನು ಹುಣ್ಣಾಗತೊಡಗಿತು. ಆಗ ಶರಣು ಶಾಲೆಗೆ ರಜೆ ಹಾಕಿ, ಅಂಗಿ ತೋಳು ಮಡಿಸಿ ಬಂದ. ಮಾಮಾನನ್ನು ಮಗ್ಗುಲಿಗೆ ಹೊರಳಿಸಿ, ಬೆಚ್ಚನೆ ನೀರು ಬಿಟ್ಟು, ಹಳೆ ಧೋತರದ ತುಂಡಿನಿಂದ ಒತ್ತಿ ಒತ್ತಿ ಎತ್ತಿದ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟು ಸಲ ಆ ಲಂಗೋಟಿ ತುಪ್ಪದ ಕತೆ ಕೇಳಿದ್ದನಲ್ಲ. ಕಿಟಕಿ ತೆಗೆದು ಗಾಳಿಗೆ ಬಿಟ್ಟು, ಮಾಸ್ತರನ ಬಿಗಿ ಮುಖ ಮಾಡಿಕೊಂಡು, "ಏನ್ರೀ ಮಾಮಾ, ಬೆನ್ನು ಆರಾಮ ಅದ?" ಅಂದ.

ಅಣ್ಣ ಅರ್ಧ ಬಾಯಲ್ಲಿ ನಕ್ಕ. ನಾನು ಅಡಿಗೆಮನೆಗೆ ಹೋಗಿ ಅತ್ತೆ. ಅವನು ನಕ್ಕದ್ದು ನಾನು ನೋಡಿದ್ದು ಅದೇ ಕಡೆಯ ಸಲ.

ಅಣ್ಣ ತೀರಿಕೊಂಡ ಮೇಲೆ ಮಣ್ಣು ಕಮಲಾಪುರದಲ್ಲೇ ಆಯಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಣಿಯಲ್ಲಿ ಕೂಡಿಸುತ್ತಾರೆ. ಶರಣು ತಾನೇ ಕುಣಿಗೆ ಇಳಿದ. ಮಾಮಾ ಕೂಡುವ ಜಾಗಕ್ಕೆ ಮೆತ್ತನೆಯ ಹಳೆ ಧೋತರವೊಂದನ್ನು ಮಡಿಸಿ ಹಾಸಿ, ಕೈಯಾಡಿಸಿ ನೋಡಿ, "ಈಗ ಇಳಸ್ರಿ" ಅಂದ. ಅಣ್ಣ ಬಸ್ಸಿನಲ್ಲಿ ಕೂತಂತೆ ನೆಟ್ಟಗೆ ಕೂತ. ಸುತ್ತ ವಿಭೂತಿ, ಪತ್ರಿ ತುಂಬಿದರು. ತಾಲೀಮಿನ ಹುಡುಗನೊಬ್ಬ ಕಣ್ಣೊರೆಸಿಕೊಂಡು, "ಕಡೀತನಕ ಪೈಲ್ವಾನ್ರ ಬೆನ್ನು ಯಾರೂ ಮಣ್ಣಿಗಿ ಹಚ್ಚಲಿಲ್ಲ ನೋಡ್ರಿ" ಅಂದ.

ನನಗೆ ತಡೆಯಲಾಗಲಿಲ್ಲ. ಇನ್ನು ಯಾವ ತವರು, ಯಾವ ಬಾಗಿಲು? ಕುಣಿಯಿಂದ ಮೇಲೆ ಹತ್ತಿ ಬಂದ ಮಗನ ಕೈ ಹಿಡಿದು, "ಹಚ್ಚಿದಂವ ಒಬ್ಬ ಇದ್ದಾನ" ಅಂದೆ. "ನೀನೇ. ನಿನ್ನನ್ನ ತನ್ನ ಎದಿ ಮ್ಯಾಲ ಮಲಗಸಾಕ ಅಂಗಾತ ಬಿದ್ದಿದ್ದ, ನೆಲದ ಮ್ಯಾಲ. ನಾ ನೋಡೀನಿ."

ಆಚೆ ಬದಿ ಕೋಲೂರಿಕೊಂಡು ನಿಂತಿದ್ದ ಮುದುಕ ಮಹಬೂಬಸಾಬ ಕೋಲು ಎತ್ತಿ ನನ್ನನ್ನು ತಡೆದ. ಅವನ ಗಡ್ಡವೆಲ್ಲ ತೊಯ್ದಿತ್ತು.

"ಇಲ್ಲ ತಂಗಿ" ಅಂದ. "ನಡುವ ಸೆಗಣಿ ಇತ್ತು."